ಭಾವನ ಕಂಬಿ, ಅಕ್ಕನ ಧಾರೆ ಸೀರೆ

ನಮ್ಮ ಭಾವನಿಗೆ ಹುಚ್ಚು ಎಂದು ಶಿಡ್ಲಘಟ್ಟದ ಅರ್ಧ ಊರು ಹೇಳುತ್ತಿತ್ತು. ಉಳಿದರ್ಧ ಊರು ಹೇಳುತ್ತಿರಲಿಲ್ಲ, ಏಕೆಂದರೆ ಅವರಿಗೆ ಆ ವಿಷಯದಲ್ಲಿ ಅನುಮಾನವೇ ಇರಲಿಲ್ಲ! ನಾನು ಅವರ ಹೆಂಡತಿಯ ತಂಗಿ. ಭಾವನನ್ನು ಗೇಲಿ ಮಾಡುವುದು ನಾದಿನಿಯ ಹುಟ್ಟುಹಕ್ಕು. ಅದನ್ನು ನಾನು ಧಾರಾಳವಾಗಿ ಚಲಾಯಿಸಿದ್ದೇನೆ, ಇಲ್ಲಿಯೂ ಚಲಾಯಿಸಲಿದ್ದೇನೆ. ಆದರೆ ಬೇರೆ ಯಾರಾದರೂ ಅವರನ್ನು ನೋಡಿ ನಕ್ಕರೆ ಸೆರಗು ಸಿಕ್ಕಿಸಿಕೊಂಡು ಜಗಳಕ್ಕೆ ನಿಲ್ಲುತ್ತೇನೆ. ಹೌದು ಸ್ವಾಮಿ, ಹುಚ್ಚು. ನಿಮ್ಮಪ್ಪನ ಮನೆ ಗಂಟೇನಾದರೂ ಹೋಯಿತೇ?

ಅವರದು ಮುರಿಯುವ ಹುಚ್ಚು. ಬೇರೆಯವರ ಮನೆಯ ಅಳಿಯಂದಿರು ಮಾವನ ಮನೆಗೆ ಬಂದರೆ ವಾಚು ಕೇಳುತ್ತಾರೆ, ಸೈಕಲ್ಲು ಕೇಳುತ್ತಾರೆ, ಏನೂ ಸಿಗದಿದ್ದರೆ ಮುಖ ಊದಿಸಿಕೊಳ್ಳುತ್ತಾರೆ. ನಮ್ಮ ಭಾವ ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದದ್ದು, ಮನೆಯಲ್ಲಿ ಒಡೆದದ್ದು ಏನಾದರೂ ಇದೆಯೇ ಎಂದು. ಕರಗಿಸಿ ಅಚ್ಚಿಗೆ ಹೊಯ್ದ ವಸ್ತು ಯಾವುದೇ ಇರಲಿ, ಅದರ ಮುರಿದ ಮುಖವನ್ನು ಅವರು ನೋಡಲೇಬೇಕು. ಲೋಹ ತಣ್ಣಗಾಗುವಾಗ ಒಳಗೆ ಹರಳು ಕಟ್ಟುತ್ತದಂತೆ. ಹರಳು ಹೇಗೆ ಕಟ್ಟಿತೋ ಲೋಹದ ಗುಣವೂ ಹಾಗೆ. ಹೊರಗಿನ ಹೊಳಪು ನೋಡಿ ಲೋಹವನ್ನು ನಂಬಬಾರದು ಎಂದು ಅವರು ನನಗೆ ಎಷ್ಟೋ ಸಲ ಉಪದೇಶ ಮಾಡಿದ್ದಾರೆ. ಗಂಡುಗಳ ವಿಷಯದಲ್ಲೂ ಇದು ನಿಜವೇ ಎಂದು ನಾನು ಕೇಳಿದ್ದಕ್ಕೆ, ಅವರನ್ನು ಮುರಿದು ನೋಡಲು ಬರುವುದಿಲ್ಲವಲ್ಲ ಎಂದು ನಿಜವಾಗಿ ಬೇಸರಪಟ್ಟುಕೊಂಡರು.

ಅಕ್ಕನನ್ನು ನೋಡಲು ಬಂದ ದಿನವೇ ಈ ಗುಣ ಹೊರಬಿದ್ದಿತ್ತು. ಭಾವ ಮಂಚೇನಹಳ್ಳಿಯ ಕಡೆಯ ಜಮೀನುದಾರರ ಮಗ. ಬೆಂಗಳೂರಿನಲ್ಲಿ ಲೋಹಗಳನ್ನು ಪರೀಕ್ಷಿಸುವ ಒಂದು ಲ್ಯಾಬೊರೇಟರಿಯಲ್ಲಿ ಕೆಲಸ. ಹುಡುಗ ಉಪ್ಪಿಟ್ಟು, ಕೇಸರಿಬಾತು ತಿಂದು ಕೈ ತೊಳೆಯಲು ಹಿತ್ತಿಲಿಗೆ ಹೋದವರು ಎಷ್ಟು ಹೊತ್ತಾದರೂ ಬರಲೇ ಇಲ್ಲ. ಅಂದು ಬೆಳಿಗ್ಗೆಯಷ್ಟೇ ನಮ್ಮ ಬಾವಿಯ ಎರಕದ ರಾಟೆ ಒಡೆದು ಬಿದ್ದಿತ್ತು. ಅಪ್ಪ ಹೋಗಿ ನೋಡಿದರೆ ಈ ಮಹಾರಾಯರು ಬಾವಿಕಟ್ಟೆಯ ಮೇಲೆ ಕೂತು ಅದರ ತುಂಡೊಂದನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದಾರೆ! ಹುಡುಗಿ ಒಪ್ಪಿಗೆಯೇ ಎಂದು ಅಪ್ಪ ಮೆಲ್ಲಗೆ ಕೇಳಿದರು. ಹುಡುಗ ತಲೆಯೆತ್ತಿ, "ಈ ತುಂಡನ್ನ ನಾನು ತಗೊಂಡು ಹೋಗಬಹುದಾ?" ಎಂದರು.

ಅಪ್ಪನಿಗೆ ಆ ಕ್ಷಣವೇ ಸಂಬಂಧ ಬೇಡವೆನ್ನಿಸಿತ್ತು. ಆದರೆ ಬಾಗಿಲ ಸಂದಿಯಲ್ಲಿ ನಿಂತಿದ್ದ ಅಕ್ಕ, ಹೇಳಿಸಿಕೊಳ್ಳದೆ, ಹಳೆಯ ಪೇಪರೊಂದನ್ನು ತಂದು ಆ ತುಂಡನ್ನು ಸುತ್ತಿದಳು. ಕಲ್ಲಿನ ಹಿಂದೆ ಬಿದ್ದಿದ್ದ ಇನ್ನೊಂದು ತುಂಡನ್ನೂ ಹುಡುಕಿ ಕೊಟ್ಟಳು. ತಾಂಬೂಲ ಬದಲಾಯಿಸಿದ್ದು ಆಮೇಲಿನ ಮಾತು. ನನ್ನ ಲೆಕ್ಕದಲ್ಲಿ ಆ ಮದುವೆ ಬಾವಿಕಟ್ಟೆಯ ಹತ್ತಿರವೇ ಆಗಿಹೋಯಿತು.

ಮದುವೆಯಾದ ಹೊಸದರಲ್ಲಿ ನಾವೆಲ್ಲ ಅವರ ಜೊತೆ ಗೌರಿಬಿದನೂರಿನ ಸಂತೆಗೆ ಹೋಗಿದ್ದೆವು. ಬೆಲ್ಲದ ಅಚ್ಚುಗಳನ್ನು ಕಂಡದ್ದೇ ತಡ, ಭಾವ ಒಂದನ್ನು ಎತ್ತಿ ಕಲ್ಲಿಗೆ ಕುಟ್ಟಿ ಮುರಿದರು. ಇದೂ ಎರಕವೇ ಕಣಮ್ಮ, ಬೇಗ ತಣಿದರೆ ಹರಳು ಸಣ್ಣ, ನಿಧಾನವಾಗಿ ತಣಿದರೆ ಹರಳು ದಪ್ಪ ಎಂದು ಪಾಠ ಶುರು ಮಾಡಿದರು. ಹೋಲಿಸಿ ತೋರಿಸಲು ಇನ್ನೊಂದು ಮುರಿದರು. ಆಮೇಲೆ ಇನ್ನೊಂದು. ಬೆಲ್ಲದವನು ಗಡಿಯಾಚೆಯ ತೆಲುಗಿನವನು, ಸೊಂಟದ ಮೇಲೆ ಕೈಯಿಟ್ಟು, "ಏಮಿ ಸಾಮೀ, ಕೊಂಟಾರಾ, ಪಗಲಗೊಡತಾರಾ?" ಎಂದ. ಕೊಳ್ಳುತ್ತೀರೋ ಒಡೆಯುತ್ತೀರೋ ಎಂದು ಕೇಳಿದರೆ ಪಾಪ, ಭಾವ ಏನು ಹೇಳಿಯಾರು? ಎರಡನ್ನೂ ಮಾಡಿದರು. ಆ ವರ್ಷ ನಮ್ಮ ಮನೆಯಲ್ಲಿ ಸಾರಿಗೂ ಬೆಲ್ಲ, ಗೊಜ್ಜಿಗೂ ಬೆಲ್ಲ, ಕೇಳಿದವರಿಗೂ ಬೆಲ್ಲ, ಕೇಳದವರಿಗೂ ಬೆಲ್ಲ.

ಇಲ್ಲಿಯವರೆಗೆ ನಕ್ಕಿರಲ್ಲ, ಇನ್ನು ಸ್ವಲ್ಪ ಗಮನ ಕೊಟ್ಟು ಕೇಳಿ. ಅರವತ್ತರ ದಶಕ ಶುರುವಾದ ಹೊತ್ತಿಗೆ ಭಾವನ ಕೈಗೆ ಹೊಸದೊಂದು ಲೋಹ ಹತ್ತಿತು. ಟೈಟೇನಿಯಂ ಎಂಬ ಲೋಹಕ್ಕೆ ಅಲ್ಯೂಮಿನಿಯಂ ಬೆರೆಸಿ, ಗಾಳಿ ಸೋಕದಂತೆ ಕರಗಿಸಿ, ಅಚ್ಚಿಗೆ ಹೊಯ್ದು ಮಾಡಿದ್ದು. ಅದಕ್ಕೆ ಟೈಟೇನಿಯಂ ಅಲ್ಯೂಮಿನೈಡ್ ಎಂದು ಹೆಸರು. ಅಷ್ಟು ಉದ್ದದ ಹೆಸರು ನಮ್ಮಮ್ಮನಿಗೆ ಏಕೆ ಬೇಕು? ಅವಳ ಬಾಯಲ್ಲಿ ಅದು ಅಳಿಯಂದಿರ ಕಂಬಿ. ಕೈಗೆ ತೆಗೆದುಕೊಂಡರೆ ಕಬ್ಬಿಣದ ಅರ್ಧ ತೂಕವಿಲ್ಲ. ಆದರೆ ಒಂದು ಕೆಟ್ಟ ಗುಣವಿತ್ತು. ತಣ್ಣಗಿರುವಾಗ ನೆಲಕ್ಕೆ ಬಿದ್ದರೆ ಬಳೆಯಂತೆ ಮುರಿಯುತ್ತಿತ್ತು. ಭಾವನ ವಾದವೇನೆಂದರೆ, ತಣ್ಣಗಿದ್ದಾಗ ಮುರಿಯುವ ಈ ಲೋಹ ಕೆಂಪಗೆ ಕಾದಾಗ ಬಾಗದೆ ನಿಲ್ಲುತ್ತದೆ, ಕಬ್ಬಿಣ ಸೋತು ಜೋಲುಬೀಳುವ ಬೆಂಕಿಯಲ್ಲಿ ಇದು ತಿಂಗಳುಗಟ್ಟಲೆ ಭಾರ ಹೊರುತ್ತದೆ ಎಂಬುದು. ಅದನ್ನು ತೋರಿಸಬೇಕಾದರೆ ತಿಂಗಳುಗಟ್ಟಲೆ ಉರಿಯುವ ಕುಲುಮೆ ಬೇಕು. ಒಬ್ಬ ಹುಚ್ಚನಿಗಾಗಿ ಅಷ್ಟು ದಿನ ಕುಲುಮೆ ಬಿಟ್ಟುಕೊಡುವವರು ಯಾರು?

ಲ್ಯಾಬೊರೇಟರಿಯ ದೊಡ್ಡ ಸಾಹೇಬರು ಒಂದು ತುಂಡನ್ನು ಮೇಜಿನ ಮೇಲಿಂದ ಕೆಳಗೆ ಬೀಳಿಸಿದರಂತೆ. ಮುರಿಯಿತು. ನೋಡಿದಿರಲ್ಲ, ಈ ಲೋಹದಿಂದ ಯಾವ ಪ್ರಯೋಜನವೂ ಇಲ್ಲವೆಂದು ವರದಿ ಬರೆದು ಸಹಿ ಹಾಕಿ, ಈ ಕೆಲಸ ಇಲ್ಲಿಗೆ ಮುಗಿಯಲಿ ಎಂದರಂತೆ. ಭಾವ ಸಹಿ ಹಾಕಲಿಲ್ಲ. ಬೆಂಕಿಯಲ್ಲಿ ಕೆಲಸ ಮಾಡುವವನನ್ನು ನೀರಿಗೆ ತಳ್ಳಿ, ಈಜು ಬರುವುದಿಲ್ಲ ಎಂದು ಕೆಲಸದಿಂದ ತೆಗೆಯುತ್ತೀರಾ ಎಂದು ಕೇಳಿದರಂತೆ. ಸಾಹೇಬರಿಗೆ ಇಂಥ ಪ್ರಶ್ನೆಗಳು ಹಿಡಿಸುತ್ತವೆಯೇ? ಊರಿಗೆ ಹೋಗಿ, ಬುದ್ಧಿ ನೆಟ್ಟಗಾದ ಮೇಲೆ ಬಂದು ಸಹಿ ಹಾಕಿ, ಅಲ್ಲಿಯವರೆಗೆ ಸಂಬಳವಿಲ್ಲದ ರಜೆ ಎಂದರು.

ಹೀಗೆ ಭಾವ, ಗರ್ಭಿಣಿಯಾಗಿದ್ದ ಅಕ್ಕನನ್ನು ಕರೆದುಕೊಂಡು, ಶಿಡ್ಲಘಟ್ಟದ ನಮ್ಮ ಮನೆಗೆ ಬಂದಿಳಿದರು. ಜೊತೆಗೆ ಒಂದು ಟ್ರಂಕು. ಅದರಲ್ಲಿ ಹಳೆಯ ಮೈಕ್ರೋಸ್ಕೋಪು, ಗುಂಡಿಯಂಥ ಲೋಹದ ಚೂರುಗಳು, ಮತ್ತು ಪಂಚೆಯಲ್ಲಿ ಸುತ್ತಿದ್ದ ಒಂದೇ ಒಂದು ಒಳ್ಳೆಯ ಎರಕದ ಕಂಬಿ. ಗೇಣಿಗಿಂತ ತುಸು ಉದ್ದ, ಹೆಬ್ಬೆರಳಿನಷ್ಟು ದಪ್ಪ. ಅಂಥ ಎರಕ ಮತ್ತೆ ಕೂಡಿಬರುವುದು ಕಷ್ಟ ಎಂದು ಅದನ್ನು ಕೂಸಿನಂತೆ ಎತ್ತಿಕೊಂಡು ತಿರುಗುತ್ತಿದ್ದರು. ಮನೆಯಳಿಯ ಎಂದು ಬೀದಿಯವರು ಆಡಿಕೊಂಡರು. ನಾನು ಚಿಂತಾಮಣಿಯ ಸ್ಕೂಲಿನಲ್ಲಿ ಪಾಠ ಹೇಳಿ ಶನಿವಾರದ ಬಸ್ಸಿಗೆ ಬರುವಷ್ಟರಲ್ಲಿ ಅಂಥ ಮಾತುಗಳು ಒಂದಷ್ಟು ಸೇರಿರುತ್ತಿದ್ದವು. ಭಾನುವಾರ ಪೂರ್ತಿ ನನಗೆ ಅವಕ್ಕೆ ಉತ್ತರ ಕೊಡುವುದೇ ಕೆಲಸ.

ಭಾವ ಜಗಲಿಯ ಮೇಲೆ ಅಂಗಡಿ ಹೂಡಿದರು. ಕಾಲಿನಿಂದ ತುಳಿಯುವ ಹೊಲಿಗೆ ಮಿಶನ್ನಿನ ಚಕ್ರಕ್ಕೆ ಒಂದು ಮರದ ಬಿಲ್ಲೆ ಜೋಡಿಸಿ, ಬಿಲ್ಲೆಯ ಮೇಲೆ ರೇಷ್ಮೆ ಬಟ್ಟೆ ಬಿಗಿದು, ಅದರ ಮೇಲೆ ಬಿಳಿ ಪುಡಿಯ ನೀರು ಹಚ್ಚಿ ತಿರುಗಿಸುತ್ತಾ ಲೋಹದ ಚೂರನ್ನು ಉಜ್ಜುವುದು. ಕನ್ನಡಿಯಂತಾಗುವವರೆಗೂ ಉಜ್ಜುವುದು. ಆಮೇಲೆ ಅದಕ್ಕೆ ಒಂದು ತೊಟ್ಟು ಔಷಧಿ ಸವರಿ ಮೈಕ್ರೋಸ್ಕೋಪಿನಲ್ಲಿಟ್ಟು ನೋಡುವುದು. ರೇಷ್ಮೆಯೇ ಏಕೆ? ಹತ್ತಿ ಬಟ್ಟೆಯಲ್ಲಿ ಗೀರು ಬೀಳುತ್ತದಂತೆ. ಒಂದು ಗೀರಿದ್ದರೂ ಹರಳು ಕಾಣುವುದಿಲ್ಲವಂತೆ. ಊರು ತುಂಬ ರೇಷ್ಮೆ ಇರುವಾಗ ಇದಕ್ಕೇನು ಬರ ಎಂದು ನಾವೂ ತಲೆ ಕೆಡಿಸಿಕೊಳ್ಳಲಿಲ್ಲ.

ನನಗೂ ಒಂದು ದಿನ ದರ್ಶನಭಾಗ್ಯ ಸಿಕ್ಕಿತು. ಕಣ್ಣು ಹೊಂದಿಸಿಕೊಂಡು ನೋಡಿದೆ. ಹಾಳೆಯ ಮೇಲೆ ಹಾಳೆ, ಅದರ ಮೇಲೆ ಹಾಳೆ, ತೆಳ್ಳಗೆ, ಒತ್ತೊತ್ತಾಗಿ. "ಭಾವ, ಇದು ಚಿರೋಟಿ" ಎಂದೆ. ಅವರು ಎಷ್ಟು ಖುಷಿಪಟ್ಟರೆಂದರೆ, ಆ ಲ್ಯಾಬೊರೇಟರಿಯಲ್ಲಿ ಒಬ್ಬರಿಗೂ ಇಷ್ಟು ಸರಿಯಾಗಿ ಹೇಳಲು ಬರಲಿಲ್ಲ ಎಂದು ಊಟದ ಹೊತ್ತಿನಲ್ಲಿ ಎಲ್ಲರೆದುರೂ ಹೊಗಳಿದರು. ಅಮ್ಮ ಸಾರು ಬಡಿಸುತ್ತಾ, "ಚಿರೋಟಿ ಅಂದಮೇಲೆ ಮುರೀದೆ ಇರುತ್ತಾ?" ಎಂದಳು. ದೊಡ್ಡ ಸಾಹೇಬರೂ ನಮ್ಮಮ್ಮನೂ ಒಂದೇ ಮಾತು ಹೇಳಿದಂತಾಗಿ ಭಾವ ಮಜ್ಜಿಗೆಗೂ ಕಾಯದೆ ಕೈ ತೊಳೆದರು.

ಇದಾದ ಕೆಲವು ವಾರಗಳಿಗೆ ಕಂಬಿ ಕಾಣೆಯಾಯಿತು. ಭಾವ ಟ್ರಂಕನ್ನು ಬುಡಮೇಲು ಮಾಡಿದರು, ಅಟ್ಟ ಹತ್ತಿದರು, ಕಣಜಕ್ಕೆ ಕೈ ಹಾಕಿದರು. ಹಳೇ ಪಾತ್ರೆ ಕೊಳ್ಳುವವನನ್ನು ಕೆಂಚಾರ್ಲಹಳ್ಳಿಯವರೆಗೂ ಸೈಕಲ್ಲಿನಲ್ಲಿ ಅಟ್ಟಿಸಿಕೊಂಡು ಹೋಗಿ, ಅವನ ಗೋಣಿಯನ್ನು ರಸ್ತೆಗೆ ಸುರಿಸಿ ನೋಡಿದರು. ಅಲ್ಲಿ ಸಿಕ್ಕಿದ್ದು ನಮ್ಮದೇ ಮನೆಯ ಹಿಡಿಯಿಲ್ಲದ ಸೌಟು. ಮುರಿದ ಮುಖ ಚೆನ್ನಾಗಿದೆ ಎಂದು ಅದನ್ನೇ ಕೊಂಡು ತಂದರು! ಅಂದು ಎಲ್ಲರೂ ನಕ್ಕೆವು. ಅವರು ಮಾತ್ರ ನಗಲಿಲ್ಲ. ತಮ್ಮ ಮಾತಿಗೆ ಇದ್ದ ಒಂದೇ ಸಾಕ್ಷಿ ಹೋಯಿತು ಎಂದು ಅಕ್ಕನೆದುರು ಹೇಳಿಕೊಂಡರಂತೆ.

ಕಂಬಿ ಹೋಗಿ ಎರಡು ತಿಂಗಳು ಕಳೆಯುವ ಹೊತ್ತಿಗೆ ಅಕ್ಕನ ಸೀಮಂತ ಬಂತು. ನಮ್ಮದು ರೇಷ್ಮೆ ನೂಲು ತೆಗೆಯುವ ಮನೆ. ಹಿಂದಿನ ಕೊಟ್ಟಿಗೆಯಲ್ಲಿ ಗೂಡು ಬೇಯಿಸುವ ಬಾಣಲೆಯ ಒಲೆ ದಿನವೂ ಬೆಳಗಿನಿಂದ ಸಂಜೆಯವರೆಗೆ ಉರಿಯಬೇಕು, ರಾತ್ರಿ ಕೆಂಡ ಬೂದಿಯಲ್ಲಿ ಮಲಗಿರಬೇಕು. ಪೂರ್ತಿ ಆರಿಸುವುದು ಶುಭಕಾರ್ಯದ ದಿನ ಮಾತ್ರ. ಅಂದು ಗೂಡು ಬೇಯಿಸುವುದಿಲ್ಲ, ಒಲೆ ತಣ್ಣಗಿರುತ್ತದೆ. ಮಾರನೆಯ ಬೆಳಿಗ್ಗೆ ಒಲೆಯನ್ನು ಬರಿದು ಮಾಡಿ, ಸಾರಿಸಿ, ಕುಂಕುಮವಿಟ್ಟು ಹೊಸ ಬೆಂಕಿ ಹಾಕುತ್ತಾರೆ. ನಮ್ಮ ಮನೆಯಲ್ಲಿ ಇನ್ನೊಂದು ಪದ್ಧತಿಯಿತ್ತು. ಸೀಮಂತಕ್ಕೆ ಕೂರುವವಳು ತನ್ನ ಧಾರೆ ಸೀರೆಯನ್ನೇ ಉಡಬೇಕು.

ಬಳೆಗಾರ ಬಂದು ಕೂತಿದ್ದ. ಮಂಚೇನಹಳ್ಳಿಯ ಬೀಗರು ಬಂದಿದ್ದರು. ಅಮ್ಮ ಅಕ್ಕನ ಪೆಟ್ಟಿಗೆ ತೆಗೆದು ಧಾರೆ ಸೀರೆ ಹೊರಗೆಳೆದು, ಎಲ್ಲರಿಗೂ ಕಾಣಲಿ ಎಂದು ಅಭಿಮಾನದಿಂದ ಕೊಡವಿದಳು. ಸೀರೆಯ ತುಂಬ ತಟ್ಟೆಯಗಲದ ದುಂಡು ತೂತುಗಳು! ಲಟ್ಟಿಸಿದ ಪೂರಿ ಹಿಟ್ಟನ್ನು ಲೋಟದಿಂದ ಒತ್ತಿ ತೆಗೆದಂತೆ, ಅಷ್ಟು ಓರಣವಾಗಿ. ಒಂದು ತೂತಿನ ಆಚೆಯಿಂದ ಅಮ್ಮನ ಮುಖ ಕಾಣುತ್ತಿತ್ತು. ಆ ಮುಖ ನೋಡಿ ನನಗೆ ಮೊದಲು ನಗು ಬಂತು, ಆಮೇಲೆ ಹೆದರಿಕೆಯಾಯಿತು.

ಜಗಲಿಯ ಮರದ ಬಿಲ್ಲೆ ಎಲ್ಲರ ಕಣ್ಣಿಗೂ ಬಿತ್ತು. ಧಾರೆ ಸೀರೆಗೆ ಕತ್ತರಿ ಹಾಕುವುದೆಂದರೆ ತಾಳಿಗೇ ಕೈ ಹಾಕಿದಂತೆ ಎಂದು ಬೀಗಿತ್ತಿಯರು ಬಾಯಿಗೆ ಸೆರಗಿಟ್ಟುಕೊಂಡರು. ಅಮ್ಮ ಗೋಡೆಗೊರಗಿ ಕೂತು ಅತ್ತಳು. ಅಪ್ಪ ಅದುವರೆಗೆ ಅಳಿಯನಿಗೆ ಒಂದು ಗಟ್ಟಿ ಮಾತು ಆಡಿದವರಲ್ಲ. ಅಂದು ವರ್ಷಗಳದ್ದೆಲ್ಲ ಸೇರಿಸಿ ಆಡಿದರು. ಭಾವ ಕಂಬದ ಪಕ್ಕ ತಲೆ ತಗ್ಗಿಸಿ ನಿಂತಿದ್ದರು. ಸಾಹೇಬರ ಮುಂದೆ ನೆಟ್ಟಗೆ ನಿಂತ ಮನುಷ್ಯ ಮಾವನ ಮುಂದೆ ಹಾಗೆ ನಿಂತದ್ದನ್ನು ನಾನು ನೋಡಬೇಕಾಯಿತು. ಅಕ್ಕ ಏನೋ ಹೇಳಲು ಎದ್ದಳು. ಭಾವ ಅವಳ ಕಡೆ ನೋಡಿ ಬೇಡ ಎಂದು ತಲೆಯಾಡಿಸಿದರು. ಬಸುರಿ ಹೆಂಗಸು ನಿಲ್ಲಬಾರದೆಂದು ಯಾರೋ ಅವಳನ್ನು ಹಿಡಿದು ಕೂರಿಸಿದರು.

"ತಪ್ಪಾಯ್ತು ಮಾವ" ಎಂದರು ಭಾವ. "ನಾಳೆ ಮಧ್ಯಾಹ್ನದ ಬಸ್ಸಿಗೆ ಬೆಂಗಳೂರಿಗೆ ಹೋಗ್ತೀನಿ. ಆ ವರದಿಗೆ ಸಹಿ ಹಾಕಿ ಕೆಲಸಕ್ಕೆ ಸೇರ್ಕೋತೀನಿ."

ಎಲ್ಲರೂ ಬಯಸಿದ್ದು ಅದನ್ನೇ ತಾನೇ? ಆದರೂ ಆ ಮಾತು ಕೇಳಿ ಯಾರಿಗೂ ಸಂತೋಷವಾದ ಹಾಗೆ ಕಾಣಲಿಲ್ಲ. ಅಕ್ಕ ಬೇರೆ ಸೀರೆ ಉಟ್ಟು ಕೂತಳು, ಬಳೆ ತೊಡಿಸಿದರು, ಆರತಿ ಎತ್ತಿದರು. ಸೀಮಂತದ ಊಟಕ್ಕೆ ಮಾಡಿದ್ದು, ನೋಡಿ ಗ್ರಹಚಾರ, ಚಿರೋಟಿ. ಭಾವ ಅದನ್ನು ಮುರಿಯದೆ ಎಲೆಯ ತುದಿಗೆ ಸರಿಸಿ ಎದ್ದುಬಿಟ್ಟರು. ಏನನ್ನಾದರೂ ಮುರಿಯದೆ ಅವರು ಬಿಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು.

ಮಾರನೆಯ ಬೆಳಿಗ್ಗೆ ಅಮ್ಮ ಒಲೆ ಸಾರಿಸಲು ಕೊಟ್ಟಿಗೆಗೆ ಹೋದಳು. ನಾನೂ ಜೊತೆಗೆ ಹೋದೆ. ಇಬ್ಬರೂ ಸೇರಿ ಬಾಣಲೆ ಇಳಿಸಿ ಬೂದಿ ಎಳೆದೆವು. ಬಾಣಲೆಗೆ ಆಸರೆಯಾಗಿ ಒಲೆಗೆ ಅಡ್ಡಲಾಗಿ ಎರಡು ಕಂಬಿಗಳಿದ್ದವು. ಕಬ್ಬಿಣದ ಕಂಬಿ ಬೆಂಕಿಗೆ ಜೋತು ಬಿಲ್ಲಿನಂತೆ ಬಾಗಿತ್ತು. ಅದು ಹೊಸದೇನಲ್ಲ, ಪ್ರತಿ ಸಲವೂ ಬಾಗುತ್ತಿತ್ತು. ಅದರ ಪಕ್ಕದ್ದು ನೆಟ್ಟಗಿತ್ತು. ಮೇಲೆ ಕಪ್ಪು ಸಿಪ್ಪೆ ಕಟ್ಟಿತ್ತು, ಅಷ್ಟೇ. ಕೈಗೆ ತೆಗೆದುಕೊಂಡೆ. ಹಗುರವಾಗಿತ್ತು.

ನಾನು ಅಮ್ಮನ ಮುಖ ನೋಡಿದೆ. ಒಂದು ಕಂಬಿ ಸುಟ್ಟು ಹೋಗಿತ್ತು, ಒಲೆಯ ಪಕ್ಕದ ಗೋಡೆಯ ಮಾಡದಲ್ಲಿ ಇದು ಸಿಕ್ಕಿತು, ಪಂಚೆ ಸುತ್ತಿರಲಿಲ್ಲವಲ್ಲ, ಗುರುತಾಗಲಿಲ್ಲ, ಅಳತೆಗೆ ಸರಿಹೋಯಿತು, ಇಟ್ಟೆ ಎಂದಳು ಅಮ್ಮ. ನೂಲು ತೆಗೆಯುವ ಮನೆಯಲ್ಲಿ ಒಲೆಯ ಪಕ್ಕ ಇಟ್ಟದ್ದು ಒಲೆಗೆ ಸೇರಿದ್ದು. ಇದರಲ್ಲಿ ಯೋಚನೆ ಮಾಡುವುದೇನಿದೆ? ಮೈಕ್ರೋಸ್ಕೋಪು ಒರೆಸಲು ಬಿಸಿನೀರಿಗೆಂದು ಕೊಟ್ಟಿಗೆಗೆ ಬಂದ ಭಾವ ಗಡಿಬಿಡಿಯಲ್ಲಿ ಅದನ್ನು ಅಲ್ಲಿಟ್ಟು ಮರೆತಿದ್ದರು. ಹಾಗಾಗಿ, ಬೆಂಗಳೂರಿನಲ್ಲಿ ಯಾರೂ ಕೊಡದ ಕುಲುಮೆಯನ್ನು ನಮ್ಮಮ್ಮ ತನಗೇ ಗೊತ್ತಿಲ್ಲದೆ ಕೊಟ್ಟಿದ್ದಳು! ಊರೆಲ್ಲ ಹುಡುಕಿಸಿದ ಕಂಬಿ ಅಷ್ಟು ದಿನವೂ ಮನೆಯೊಳಗೇ ಬಾಣಲೆ ಹೊತ್ತುಕೊಂಡು ಕೂತಿತ್ತು.

ಭಾವನನ್ನು ಕೂಗಿದೆ. ಪ್ರಯಾಣದ ಅಂಗಿ ತೊಟ್ಟು ಬಂದರು. ಕಂಬಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದರು. ಬಾಗಿಲ ಚೌಕಟ್ಟಿಗೆ ಆನಿಸಿ ನೋಡಿದರು. ಬಾಗಿದ ಕಬ್ಬಿಣದ ಪಕ್ಕ ಇಟ್ಟು ನೋಡಿದರು. ಅಷ್ಟರಲ್ಲಿ ಮನೆಯವರೂ ಬೀಗರೂ ಕೊಟ್ಟಿಗೆಯ ಬಾಗಿಲಿಗೆ ಬಂದಿದ್ದರು. ಅಪ್ಪ, ನಿನ್ನೆಯ ಸಿಟ್ಟು ಇನ್ನೂ ಇಳಿಯದೆ, ಕೊಡಿ ಇಲ್ಲಿ ಎಂದು ಕಂಬಿಯನ್ನು ತೆಗೆದುಕೊಂಡರು. ಕಬ್ಬಿಣದ ಭಾರಕ್ಕೆ ಕೈಯೊಡ್ಡಿದ್ದರು; ಬಂದದ್ದು ಹಗುರ. ಕೈ ತಪ್ಪಿತು. ಕಲ್ಲು ಚಪ್ಪಡಿಯ ಮೇಲೆ ಬಿದ್ದು ಎರಡು ತುಂಡಾಯಿತು.

ಅಪ್ಪನ ಮುಖ ಬಿಳಿಚಿಕೊಂಡಿತ್ತು. ಭಾವ ಬಗ್ಗಿ ಎರಡೂ ತುಂಡುಗಳನ್ನು ಎತ್ತಿಕೊಂಡು, ಹೆಣ್ಣು ನೋಡಲು ಬಂದ ದಿನದ ಹಾಗೆಯೇ, ಮುರಿದ ಮುಖವನ್ನು ಬಿಸಿಲಿಗೆ ಹಿಡಿದರು. ನೋಡುತ್ತಾ ನೋಡುತ್ತಾ ಅವರ ಮುಖದಲ್ಲಿ ನಗು ಬಂತು.

"ಪರವಾಗಿಲ್ಲ ಮಾವ. ತಣ್ಣಗಿರೋವಾಗ ಕೈಬಿಟ್ರೆ ಮುರಿಯುತ್ತೆ. ಅದನ್ನ ಬರೀತೀನಿ. ಬೆಂಕೀಲಿ ಬಾಗಲಿಲ್ಲ. ಅದನ್ನೂ ಬರೀತೀನಿ. ಪ್ರಯೋಜನ ಇಲ್ಲ ಅಂತ ಮಾತ್ರ ಬರೆಯೋದಿಲ್ಲ."

ಹಾಗಾದರೆ ಕೆಲಸದ ಗತಿಯೇನು, ಮಗಳ ಗತಿಯೇನು ಎಂದು ಅಪ್ಪ ಕೇಳಿದರು. ಸೀರೆ ಕತ್ತರಿಸಿದ್ದಾಯಿತು, ಇನ್ನು ಬಾಳನ್ನೂ ಕತ್ತರಿಸುತ್ತೀರಾ ಎಂದು ಬೀಗಿತ್ತಿಯೊಬ್ಬರು ಒಗ್ಗರಣೆ ಹಾಕಿದರು. ಆಗ ಹಿಂದಿನಿಂದ ಅಕ್ಕ ಎಲ್ಲರನ್ನೂ ಸರಿಸಿಕೊಂಡು ಮುಂದೆ ಬಂದಳು. ಕೈತುಂಬ ಹಸಿರು ಬಳೆ, ಅದರ ಮೇಲೆ ಆ ತೂತಿನ ಸೀರೆ.

"ಸೀರೆ ಕತ್ತರಿಸಿದ್ದು ನಾನು. ಇವರು ಕೇಳಿದ್ದು ಹಳೇ ರೇಷ್ಮೆ ಬಟ್ಟೆ. ಅದರಲ್ಲೆಲ್ಲ ಗೀರು ಬೀಳ್ತಿತ್ತು. ಇವರಿಗೆ ಗೊತ್ತಾಗೋ ಹೊತ್ತಿಗೆ ಮೂರ್ನಾಲ್ಕು ಬಿಲ್ಲೆ ಆಗಿಹೋಗಿತ್ತು. ಬೇಡ ಅಂದ್ರು, ನಾನೇ ಬಿಡಲಿಲ್ಲ. ನಿನ್ನೆ ಇವರನ್ನ ಅಷ್ಟೊಂದು ಅಂದ್ರಲ್ಲ, ಒಬ್ಬರಾದ್ರೂ ನನ್ನನ್ನ ಕೇಳಿದ್ರಾ?"

ಆಮೇಲೆ ಭಾವನ ಕಡೆ ತಿರುಗಿದಳು. "ನಾನು ಧಾರೆ ಸೀರೆ ಕೊಟ್ಟಿದ್ದು ನೀವು ಸುಳ್ಳಿಗೆ ಸಹಿ ಹಾಕಲಿ ಅಂತಲ್ಲ."

ನಮ್ಮಕ್ಕ ಜೋರಾಗಿ ಮಾತಾಡಿದವಳೇ ಅಲ್ಲ. ಅಂದೂ ಜೋರಾಗಿ ಮಾತಾಡಲಿಲ್ಲ. ಆದರೂ ನಿನ್ನೆಯೆಲ್ಲ ಗಂಡ ಹೊತ್ತ ಮಾತುಗಳನ್ನು ಒಂದೊಂದಾಗಿ ಹಿಂದಕ್ಕೆ ಕೊಟ್ಟಂತಾಯಿತು. ನನಗೆ ಕಣ್ಣು ತುಂಬಿ ಬಂತು, ಜೊತೆಗೆ ಚಪ್ಪಾಳೆ ತಟ್ಟಬೇಕೆನ್ನಿಸಿತು. ಬೀಗರ ಮುಂದೆ ತಟ್ಟಲಿಲ್ಲ.

ಭಾವ ಕೈಯಲ್ಲಿದ್ದ ತುಂಡನ್ನೇ ನೋಡುತ್ತಾ, ಹೋಗುವ ಮುನ್ನ ಇದನ್ನು ಉಜ್ಜಿ ನೋಡಬೇಕು, ಬೆಂಕಿಯಲ್ಲಿದ್ದು ಒಳಗಿನ ಪದರ ಏನಾಗಿದೆಯೋ ಎಂದರು. ಅಕ್ಕ ಕೂಡಲೇ ಸೀರೆಯ ಅಂಚು ಹುಡುಕಿದಳು. ಅಮ್ಮ ಅವಳ ಕೈ ಹಿಡಿದಳು. ಆಮೇಲೆ ಅಮ್ಮ ಒಳಗೆ ಹೋದಳು, ಅವಳ ಪೆಟ್ಟಿಗೆ ತೆಗೆದ ಸದ್ದಾಯಿತು. ಹೊರಬಂದಾಗ ಅವಳ ಕೈಯಲ್ಲಿ ಅವಳದೇ ಧಾರೆ ಸೀರೆಯಿತ್ತು, ಮೇಲೆ ಕತ್ತರಿಯಿತ್ತು.

"ಅವಳದನ್ನ ಇನ್ನು ಮುಟ್ಟಬೇಡಿ, ತೊಟ್ಟಿಲಿಗೆ ಬೇಕು" ಎಂದಳು. "ನಂದು ತಗೊಳ್ಳಿ. ಸೆರಗು ಮಾತ್ರ ಬಿಟ್ಟುಬಿಡಿ ಅಳಿಯಂದ್ರೆ."

ಭಾವ ಎರಡು ತುಂಡುಗಳನ್ನೂ ಬಾಗಿದ ಕಬ್ಬಿಣವನ್ನೂ ಚೀಲದಲ್ಲಿ ಹಾಕಿಕೊಂಡು ಬೆಂಗಳೂರಿಗೆ ಹೋದರು. ಹೇಳಿದ್ದನ್ನೇ ಬರೆದರು. ಅತ್ತೆಯ ಮನೆಯ ಸೌದೆ ಒಲೆಯ ಪರೀಕ್ಷೆಯನ್ನು ವಿಜ್ಞಾನವೆಂದು ಒಪ್ಪಲಾಗದು ಎಂದು ದೊಡ್ಡ ಸಾಹೇಬರು ನಕ್ಕರಂತೆ. ನಗಲಿ, ಪಾಪ. ಕೆಲಸ ಹೋಯಿತು. ಭಾವ ಗೌರಿಬಿದನೂರಿನಲ್ಲಿ ವಿಜ್ಞಾನದ ಮೇಷ್ಟರಾದರು, ಪ್ರತಿ ವರ್ಷ ತರಗತಿಗೆ ಬೆಲ್ಲದ ಅಚ್ಚು ತಂದು ಮುರಿದು ಪಾಠ ಮಾಡಿದರು. ಸೋತರು ಎನ್ನುತ್ತೀರಾ? ಅನ್ನಿ. ಕೇಳಿಸಿಕೊಳ್ಳುತ್ತೇನೆ, ಒಪ್ಪುವುದಿಲ್ಲ.

ಅಕ್ಕನಿಗೆ ನಮ್ಮ ಮನೆಯಲ್ಲೇ ಹೆಣ್ಣು ಮಗುವಾಯಿತು. ಅಮ್ಮ ಆ ತೂತಿನ ಸೀರೆಯನ್ನು ಮಡಿಕೆಯ ಮೇಲೆ ಮಡಿಕೆ ಹಾಕಿ ತೊಲೆಗೆ ತೊಟ್ಟಿಲು ಕಟ್ಟಿದಳು. ಎಷ್ಟು ಮಡಿಚಿದರೂ ಎಲ್ಲೋ ಒಂದು ಕಡೆ ತೂತಿಗೆ ತೂತು ಕೂಡಿಕೊಂಡು, ಮಗುವಿನ ಕಾಲು ಅದರಿಂದ ಹೊರಗೆ ಬರುತ್ತಿತ್ತು. ಶನಿವಾರದ ಬಸ್ಸಿಗೆ ಬರುತ್ತಿದ್ದ ಭಾವ ಚಪ್ಪಲಿ ಬಿಟ್ಟು, ಮನೆಯಲ್ಲಿ ಒಡೆದದ್ದು ಏನಿದೆ ಎಂದು ಕೇಳುವುದನ್ನೇ ಮರೆತು, ತೊಟ್ಟಿಲ ಕೆಳಗೆ ನೆಲದ ಮೇಲೆ ಕೂರುತ್ತಿದ್ದರು. ಕಂಡದ್ದನ್ನೆಲ್ಲ ಮುರಿದು ನೋಡಿದ ಆ ಮನುಷ್ಯ ಆ ಪುಟ್ಟ ಹೆಬ್ಬೆರಳನ್ನು ಮುಟ್ಟಲು ಎಷ್ಟು ಹೆದರುತ್ತಿದ್ದರೆಂದರೆ, ಪ್ರತಿ ಸಲವೂ ಮೊದಲು ಎರಡೂ ಕೈಗಳನ್ನು ಉಜ್ಜಿ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು.